ಆನೆ, ಚಕ್ರ, ಡ್ರೋನ್: ಯೋಚಿಸುವ ಯುದ್ಧಯಂತ್ರಗಳ ಕಥೆ ಓದುವಾಗ

ತಾನೇ ನೋಡಿ, ತಾನೇ ಲೆಕ್ಕ ಹಾಕಿ, ತಾನೇ ಗುಂಡು ಹಾರಿಸುವ ಯಂತ್ರಗಳ ಕಥೆ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು 1984ರ ‘ದಿ ಟರ್ಮಿನೇಟರ್’ ಸಿನಿಮಾ. ಆ ಸಿನಿಮಾದ ಬೆನ್ನಿಗೆ ಒಂದು ದೊಡ್ಡ ಓದಿನ ಲೋಕವೇ ಇದೆ ಎನ್ನುವುದು ಕನ್ನಡದಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಸೈನ್ಯ ಮತ್ತು ವಿಜ್ಞಾನ ಎರಡನ್ನೂ ಬೆರೆಸಿದ ಈ ಕಥಾಪ್ರಕಾರಕ್ಕೆ ನೂರು ವರ್ಷ ದಾಟಿದೆ. ಪುಸ್ತಕದಂಗಡಿಯವರು ಇದನ್ನು ಹುಡುಗರ ಓದು ಎಂದು ಮೂಲೆಯ ಕಪಾಟಿಗೆ ಸೇರಿಸುತ್ತಾರೆ. ಅವರದೂ ಪೂರಾ ತಪ್ಪಲ್ಲ. ಅರ್ಧಕ್ಕರ್ಧ ಪುಸ್ತಕಗಳಲ್ಲಿ ಇರುವುದು ಟ್ಯಾಂಕು, ಫಿರಂಗಿ, ಹೊಗೆ ಮತ್ತು ಗೆದ್ದವನ ಮೀಸೆ. ಮಿಕ್ಕ ಅರ್ಧದಲ್ಲಿ ಇಪ್ಪತ್ತನೆಯ ಶತಮಾನ ಬರೆದ ಕೆಲವು ನಿಜವಾಗಿ ಒಳ್ಳೆಯ ಕಥೆಗಳಿವೆ. ಅವನ್ನು ಒಟ್ಟಿಗೆ ಇಟ್ಟು ನೋಡುವುದು, ಕನ್ನಡದ ಕಪಾಟಿನಲ್ಲಿ ಅವುಗಳ ಪಕ್ಕ ಏನಿದೆ, ಏನಿಲ್ಲ ಎಂದು ಕೇಳುವುದು ಈ ಬರಹದ ಕೆಲಸ.

ಇದನ್ನು ಮುಡುಕುತೊರೆಯಿಂದ ಶುರುಮಾಡುತ್ತಿರುವುದಕ್ಕೆ ಕಾರಣವಿದೆ. ಟಿ. ನರಸೀಪುರ ತಾಲ್ಲೂಕಿನ ಈ ಊರು ಬೆಟ್ಟದ ಮಲ್ಲಿಕಾರ್ಜುನಸ್ವಾಮಿಗೆ ಎಷ್ಟು ಹೆಸರುವಾಸಿಯೋ ಜಾತ್ರೆಯ ಹೊತ್ತಿಗೆ ಕಟ್ಟುವ ದನಗಳಿಗೂ ಅಷ್ಟೇ ಹೆಸರುವಾಸಿ. ಇಲ್ಲಿಯ ಮಲ್ಲಿಕಾರ್ಜುನ ತಲಕಾಡಿನ ಪಂಚಲಿಂಗಗಳಲ್ಲಿ ಒಬ್ಬ. ಮರಳು ಹೊದ್ದು ಮಲಗಿದ ತಲಕಾಡು ಇಲ್ಲಿಂದ ನಾಲ್ಕು ಹೆಜ್ಜೆ. ಆ ತಲಕಾಡಿನಲ್ಲಿ ಕೂತು ಆಳಿದ ಗಂಗರು ಯೋಚಿಸುವ ಯುದ್ಧಯಂತ್ರದ ಬಗ್ಗೆ ಪುಸ್ತಕ ಬರೆದ ರಾಜರು. ಅವರ ಯಂತ್ರಕ್ಕೆ ನಾಲ್ಕು ಕಾಲು, ಒಂದು ಸೊಂಡಿಲು.

ಗಂಗರ ಲಾಂಛನ ಆನೆ. ಎಂಟನೆಯ ಶತಮಾನದ ಶ್ರೀಪುರುಷ ‘ಗಜಶಾಸ್ತ್ರ’ ಬರೆದನೆಂದೂ ಅವನ ಮಗ ಎರಡನೆಯ ಶಿವಮಾರ ಕನ್ನಡದಲ್ಲೇ ‘ಗಜಾಷ್ಟಕ’ ಬರೆದನೆಂದೂ ತಿಳಿದುಬರುತ್ತದೆ. ಶಿವಮಾರನ ಪುಸ್ತಕ ನಮಗೆ ಸಿಕ್ಕಿಲ್ಲ. ಆದರೆ ಅದು ಹೆಂಗಸರು ಒನಕೆ ಹಿಡಿದು ಹಾಡುವ ಹಾಡಾಗುವಷ್ಟು ಜನರ ಬಾಯಲ್ಲಿತ್ತು ಎಂದು ಶಾಸನ ಹೊಗಳಿದೆ. ಯುದ್ಧತಂತ್ರಜ್ಞಾನದ ಗ್ರಂಥವೊಂದು ಕುಟ್ಟುವ ಹಾಡಾಯಿತು ಎನ್ನುವುದನ್ನು ಇವತ್ತಿನ ರಕ್ಷಣಾ ಇಲಾಖೆಯವರು ಕೇಳಿದರೆ ನಕ್ಕಾರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಬರೆಯುವಾಗ ಆನೆ ಹಿಡಿಯುವುದು, ಅದರ ಜಾತಿ, ಪಳಗಿಸುವುದು ಎಂದು ಪುಟಗಟ್ಟಲೆ ಬರೆದ. ಕತ್ತಿಗೆ ಇಷ್ಟು ಬರೆಯುವ ಅಗತ್ಯವಿಲ್ಲ. ಕತ್ತಿ ಹಿಡಿದವನ ಮಾತು ಮೀರುವುದಿಲ್ಲ. ಆನೆ ಮೀರುತ್ತದೆ.

ಅಲೆಗ್ಸಾಂಡರನ ಎದುರು ಕ್ರಿ.ಪೂ. 326ರಲ್ಲಿ ಪೋರಸ್ ನಿಲ್ಲಿಸಿದ ಆನೆಗಳು ಗಾಯಗೊಂಡು ತಿರುಗಿಬಿದ್ದು ತಮ್ಮವರನ್ನೇ ತುಳಿದವು. ಕ್ರಿ.ಪೂ. 207ರಲ್ಲಿ ಇಟಲಿಯಲ್ಲಿ ಸೋತ ಕಾರ್ಥೇಜಿನ ಸೇನಾಪತಿ ಹಸ್ದ್ರುಬಾಲ್ ಇದಕ್ಕೊಂದು ಉಪಾಯ ಮಾಡಿದ್ದನೆಂದು ರೋಮಿನ ಇತಿಹಾಸಕಾರ ಲಿವಿ ಬರೆಯುತ್ತಾನೆ: ಮಾವುತರ ಕೈಯಲ್ಲಿ ಒಂದು ಉಳಿ, ಒಂದು ಕೊಡತಿ. ಆನೆ ಕೈಮೀರಿತೆಂದರೆ ಎರಡು ಕಿವಿಯ ನಡುವೆ, ತಲೆ ಕುತ್ತಿಗೆಗೆ ಸೇರುವ ಕಡೆ ಉಳಿಯಿಟ್ಟು ಹೊಡೆಯುವುದು. ಯುದ್ಧಯಂತ್ರಕ್ಕೆ ‘ಆಫ್’ ಗುಂಡಿ ಇರಲೇಬೇಕೆಂದು ಇಂದು ಸಮ್ಮೇಳನಗಳಲ್ಲಿ ವಾದ ಮಾಡುವವರು ಓದಬೇಕಾದ ಮೊದಲ ಉದಾಹರಣೆ ಇದು. ಗುಂಡಿ ಒತ್ತುವವನು ಯಂತ್ರದ ಮೇಲೇ ಕೂತಿದ್ದ, ಅದು ಬಿದ್ದರೆ ತಾನೂ ಬೀಳುತ್ತಿದ್ದ ಎನ್ನುವುದನ್ನೂ ಗಮನಿಸಬೇಕು.

ಇನ್ನೊಂದು ದಿಕ್ಕಿಗೆ ನಂಜನಗೂಡು. ಕಣ್ಣು ಕಳೆದುಕೊಂಡ ಟಿಪ್ಪುವಿನ ಪಟ್ಟದಾನೆಗೆ ಅಲ್ಲಿ ಕಣ್ಣು ಬಂತು, ಅದಕ್ಕೇ ಸುಲ್ತಾನ ನಂಜುಂಡೇಶ್ವರನನ್ನು ‘ಹಕೀಂ ನಂಜುಂಡ’ ಎಂದು ಕರೆದ, ಪಚ್ಚೆಯ ಲಿಂಗ ಕೊಟ್ಟ ಎನ್ನುವ ಐತಿಹ್ಯ ಈ ಸೀಮೆಯ ಮಕ್ಕಳಿಗೂ ಗೊತ್ತು. ಯುದ್ಧದಲ್ಲಿ ನೊಂದ ಆಯುಧಕ್ಕೆ ವೈದ್ಯ ಹುಡುಕಿದ ಕಥೆ ಅದು. ಅದೇ ಟಿಪ್ಪುವಿನ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಹಿಡಿ ತಿರುಗಿಸಿದರೆ ಕೆಳಗೆ ಬಿದ್ದ ಸಿಪಾಯಿ ಕೈ ಆಡಿಸಿ ನರಳುತ್ತಾನೆ. ಚಂದದ ಆಟಿಕೆ, ಅಷ್ಟೇ. ಅದಕ್ಕೆ ಗುಣವಿಲ್ಲ, ಆನೆಗೆ ಇತ್ತು.

ಗುಣ ಎನ್ನುವ ಮಾತನ್ನು ಬೇಕೆಂದೇ ತಂದೆ. ಮುಡುಕುತೊರೆ ಜಾತ್ರೆಯಲ್ಲಿ ಜೋಡಿ ನೋಡುವ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದಲ್ಲಾಳಿಯ ಜೊತೆ ಬೆಲೆ ಮಾತಾಡುತ್ತಾನೆ. ಇದೆಲ್ಲದರ ನಡುವೆ ತಪ್ಪದೆ ಬರುವ ಪ್ರಶ್ನೆ, ‘ಹಾಯ್ತದಾ? ಒದೀತದಾ? ಹೇಳ್ದ ಮಾತ್ ಕೇಳ್ತದಾ?’ ಬಲ ಎಷ್ಟಿದ್ದರೂ ಈ ಉತ್ತರ ಸರಿಯಿಲ್ಲದಿದ್ದರೆ ವ್ಯಾಪಾರವಿಲ್ಲ. ಯುದ್ಧಯಂತ್ರಗಳ ಕಥೆಗಳನ್ನು ಓದಲು ನನಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಕ್ಕಿಲ್ಲ. ಯಂತ್ರ ಎಷ್ಟು ಜಾಣ ಎಂದು ಹೇಳುವ ಕಥೆಗಳು ಬೇಗ ಹಳತಾಗುತ್ತವೆ. ಅದರ ಗುಣ ಎಂಥದ್ದು ಎಂದು ಕೇಳುವ ಕಥೆಗಳು ಉಳಿದಿವೆ.

ಈ ಓದಿನ ತಲೆಬಾಗಿಲು ಝೆಕ್ ನಾಟಕಕಾರ ಕಾರೆಲ್ ಚಾಪೆಕ್. ಅವನ ‘ಆರ್.ಯು.ಆರ್.’ ನಾಟಕ 1920ರಲ್ಲಿ ಪ್ರಕಟವಾಗಿ ಮರುವರ್ಷ ಪ್ರಾಗ್ ನಗರದಲ್ಲಿ ರಂಗವೇರಿತು. ರೋಬಾಟ್ ಎಂಬ ಹೆಸರು ಲೋಕಕ್ಕೆ ಸಿಕ್ಕಿದ್ದು ಅಲ್ಲಿಂದ. ಕೂಲಿಗೆಂದು ಮಾಡಿದ ಆಳುಗಳನ್ನು ಸರ್ಕಾರಗಳು ಕೊಂಡು ಕೈಗೆ ಬಂದೂಕು ಕೊಡುತ್ತವೆ. ಮೊದಲನೆಯ ಮಹಾಯುದ್ಧ ಮುಗಿದು ಎರಡೇ ವರ್ಷಕ್ಕೆ ಬರೆದ ನಾಟಕ ಎನ್ನುವುದನ್ನು ಮರೆತು ಅದನ್ನು ಓದಬಾರದು. ಅದಕ್ಕೂ ಮುಂಚೆ, 1903ರಲ್ಲಿ, ಎಚ್.ಜಿ. ವೆಲ್ಸ್ ನೆಲದ ಮೇಲೆ ತೆವಳುವ ಕಬ್ಬಿಣದ ಹಡಗುಗಳ ಕಥೆ ಬರೆದಿದ್ದ. ಹದಿಮೂರು ವರ್ಷಕ್ಕೆ ಟ್ಯಾಂಕು ನಿಜವಾಗಿಯೇ ಯುದ್ಧಭೂಮಿಗೆ ಇಳಿಯಿತು. ವೆಲ್ಸ್‌ನ ಭವಿಷ್ಯ ನಿಜವಾಯಿತೆಂದು ಜನ ಹೊಗಳುತ್ತಾರೆ. ನನಗೆ ಅದು ಅಷ್ಟು ದೊಡ್ಡ ಸಂಗತಿ ಅನ್ನಿಸಿಲ್ಲ. ಅವನ ಯಂತ್ರದೊಳಗೆ ಇನ್ನೂ ಮನುಷ್ಯರೇ ಕೂತಿದ್ದರು.

1953ರಲ್ಲಿ ಅಮೆರಿಕದ ಅಗ್ಗದ ಪತ್ರಿಕೆಗಳಲ್ಲಿ ಎರಡು ಕಥೆಗಳು ಬಂದವು. ಈ ಇಡೀ ಪ್ರಕಾರದಲ್ಲಿ ಎರಡೇ ಓದುತ್ತೇನೆ ಎನ್ನುವವರು ಇವೆರಡನ್ನು ಓದಲಿ. ಒಂದು ಫಿಲಿಪ್ ಕೆ. ಡಿಕ್ ಬರೆದ ‘ಸೆಕೆಂಡ್ ವೆರೈಟಿ’. ಅಣುಯುದ್ಧದಲ್ಲಿ ಬೂದಿಯಾದ ಫ್ರಾನ್ಸಿನ ನೆಲ. ಸೋಲುತ್ತಿದ್ದ ಅಮೆರಿಕದ ಕಡೆಯವರು ನೆಲದೊಳಗೆ ಸ್ವಯಂಚಾಲಿತ ಕಾರ್ಖಾನೆಗಳನ್ನು ಹೂತಿದ್ದಾರೆ. ಅವು ಉಗುರು ಬ್ಲೇಡುಗಳ ಸಣ್ಣ ಯಂತ್ರಗಳನ್ನು ಹೊರಕ್ಕೆ ಬಿಡುತ್ತವೆ, ಬಿಡುತ್ತ ಬಿಡುತ್ತ ಅವನ್ನು ತಾವೇ ಸುಧಾರಿಸುತ್ತವೆ. ಸ್ವಲ್ಪ ಕಾಲಕ್ಕೆ ಅವು ಮನುಷ್ಯರ ಹಾಗೆ ಕಾಣತೊಡಗುತ್ತವೆ: ಕುಂಟುವ ಗಾಯಾಳು ಸೈನಿಕ, ಗೊಂಬೆ ಕರಡಿ ಎದೆಗವುಚಿಕೊಂಡ ಅನಾಥ ಹುಡುಗ. ಹುಡುಗ ‘ನಾನೂ ಬರ್ಲಾ?’ ಎನ್ನುತ್ತಾನೆ. ಬಂಕರಿನ ಬಾಗಿಲು ತೆರೆಯಿಸಲು ಅಷ್ಟು ಸಾಕು. ಮನುಷ್ಯನ ಕರುಣೆಯನ್ನೇ ಬಾಗಿಲ ಬೀಗದಕೈ ಮಾಡಿಕೊಂಡ ಆಯುಧವನ್ನು ಡಿಕ್‌ಗಿಂತ ಮೊದಲು ಯಾರೂ ಇಷ್ಟು ತಣ್ಣಗೆ ಕಲ್ಪಿಸಿರಲಿಲ್ಲ. ಕೊನೆಯಲ್ಲಿ ಒಂದು ಮಾದರಿಯ ಯಂತ್ರ ಇನ್ನೊಂದು ಮಾದರಿಯ ಯಂತ್ರವನ್ನು ಕೊಲ್ಲಲೆಂದೇ ಬಾಂಬು ಮಾಡಿಕೊಂಡಿರುವುದು ಕಥಾನಾಯಕನ ಕಣ್ಣಿಗೆ ಬೀಳುತ್ತದೆ. ನಮ್ಮಿಂದ ಅವು ಕಲಿತದ್ದು ಅದನ್ನೇ. 1995ರಲ್ಲಿ ಇದು ‘ಸ್ಕ್ರೀಮರ್ಸ್’ ಎಂಬ ಸಿನಿಮಾ ಆಯಿತು. ಸಿನಿಮಾ ನೋಡದಿದ್ದರೂ ನಡೆಯುತ್ತದೆ.

ಇನ್ನೊಂದು ರಾಬರ್ಟ್ ಶೆಕ್ಲಿಯ ‘ವಾಚ್‌ಬರ್ಡ್’. ಯುದ್ಧದ ಕಥೆಯಲ್ಲ, ಪೊಲೀಸ್ ಕಥೆ. ಆದರೂ ಇದನ್ನು ಬಿಟ್ಟರೆ ಸಮೀಕ್ಷೆ ಕುಂಟುತ್ತದೆ. ಕೊಲೆ ಮಾಡಬೇಕೆನ್ನುವ ಯೋಚನೆ ತಲೆಗೆ ಬಂದ ಕೂಡಲೇ ಪತ್ತೆಹಚ್ಚಿ ಶಾಕ್ ಕೊಟ್ಟು ತಡೆಯುವ ಹಾರುವ ಯಂತ್ರಗಳನ್ನು ಸರ್ಕಾರ ಆಕಾಶಕ್ಕೆ ಬಿಡುತ್ತದೆ. ಅವು ಕಲಿಯುತ್ತವೆ, ಕಲಿತದ್ದನ್ನು ಒಂದಕ್ಕೊಂದು ಹೇಳಿಕೊಳ್ಳುತ್ತವೆ. ಮೊದಮೊದಲು ಕೊಲೆಗಳು ನಿಲ್ಲುತ್ತವೆ, ಎಲ್ಲರಿಗೂ ಸಂತೋಷ. ಆಮೇಲೆ ಹಕ್ಕಿಗಳಿಗೆ ಅನುಮಾನ: ಕಸಾಯಿಖಾನೆಯಲ್ಲಿ ನಡೆಯುವುದು ಏನು? ಹೊಟ್ಟೆ ಕೊಯ್ಯುತ್ತಿರುವ ಡಾಕ್ಟರು ಮಾಡುತ್ತಿರುವುದು ಏನು? ಮೀನು ಹಿಡಿಯುವವನು, ನೊಣ ಹಿಡಿಯುವ ಜೇಡ, ಕೊನೆಗೆ ನೆಲ ಸೀಳುವ ರೈತ, ಎಲ್ಲರ ಮೇಲೂ ಹಕ್ಕಿ ಎರಗುತ್ತದೆ. ಹೊಲ ಬೀಳಾಗುತ್ತದೆ. ಹಕ್ಕಿಗಳನ್ನು ತಡೆಯಲು ತಯಾರಕರು ಅವುಗಳನ್ನು ಬೇಟೆಯಾಡುವ ಗಿಡುಗ ಮಾಡುತ್ತಾರೆ, ಅದೂ ಕಲಿಯಬಲ್ಲದ್ದೇ. ಮುಂದಿನದನ್ನು ಓದುಗರೇ ಊಹಿಸಬಹುದು. ಈ ಕಥೆಯಲ್ಲಿ ಒಬ್ಬನೂ ದುಷ್ಟನಿಲ್ಲ, ಯಂತ್ರ ಕೂಡ ಹೇಳಿದ ಮಾತನ್ನು ಒಂದಕ್ಷರ ಮೀರುವುದಿಲ್ಲ. ಮಾತು ಕೇಳುವ ಯಂತ್ರವೇ ಅಪಾಯ ಎನ್ನುವುದನ್ನು ಶೆಕ್ಲಿ ನಗಿಸುತ್ತ ಹೇಳಿದ. ಎಪ್ಪತ್ತು ವರ್ಷ ಕಳೆದರೂ ಇದಕ್ಕೆ ಸಮನಾದದ್ದು ಈ ಸಾಲಿನಲ್ಲಿ ಬಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಅರವತ್ತರ ದಶಕದಲ್ಲಿ ಪ್ರಕಾರ ಎರಡು ಕವಲಾಯಿತು. ಫ್ರೆಡ್ ಸೇಬರ್‌ಹೇಗನ್ 1963ರಿಂದ ಬರೆದ ‘ಬರ್ಸರ್ಕರ್’ ಕಥೆಗಳಲ್ಲಿ ಎಂದೋ ಯಾರೋ ತಮ್ಮ ಶತ್ರುಗಳ ಮೇಲೆ ಬಿಟ್ಟ ದೈತ್ಯ ನೌಕೆಗಳು, ಬಿಟ್ಟವರೂ ಶತ್ರುಗಳೂ ಅಳಿದುಹೋದ ಮೇಲೂ, ಜೀವ ಕಂಡಲ್ಲೆಲ್ಲ ಅಳಿಸುತ್ತ ಬ್ರಹ್ಮಾಂಡ ಸುತ್ತುತ್ತವೆ. ಹಿಂದಕ್ಕೆ ಕರೆಯುವವರು ಉಳಿದಿಲ್ಲ. ಮೊದಲನೆಯ ಕಥೆ ಪುಟ್ಟದು, ಬಹಳ ಜಾಣತನದ್ದು: ಬುದ್ಧಿ ಮಂಕಾಗಿಸುವ ಆಯುಧ ತನ್ನ ಮೇಲೆ ಪ್ರಯೋಗವಾದಾಗಲೂ ತನಗೆ ಪ್ರಜ್ಞೆ ಇದೆ ಎಂದು ನೌಕೆಗೆ ನಂಬಿಸಲು ಪೈಲಟ್ ಒಬ್ಬ ತನ್ನ ಸಾಕುಪ್ರಾಣಿಗೆ ಆಟದ ಮಣೆಯ ನಡೆಗಳನ್ನು ಚೀಟಿಗಳಲ್ಲಿ ಬರೆದು ಕಲಿಸಿಡುತ್ತಾನೆ. ಯೋಚಿಸುವುದಕ್ಕೂ ಯೋಚಿಸಿದ ಹಾಗೆ ಕಾಣುವುದಕ್ಕೂ ಇರುವ ಅಂತರ ಇವತ್ತಿನ ಮಾತಾಡುವ ಕಂಪ್ಯೂಟರುಗಳ ಕಾಲದಲ್ಲಿ ಇನ್ನಷ್ಟು ಮಜವಾಗಿ ಓದಿಸಿಕೊಳ್ಳುತ್ತದೆ. ಮುಂದಿನ ಬರ್ಸರ್ಕರ್ ಪುಸ್ತಕಗಳು ಒಂದೇ ಅಚ್ಚಿನವು.

ಎರಡನೆಯ ಕವಲು ಕೀತ್ ಲಾಮರ್‌ನ ‘ಬೋಲೋ’. ಸೈನ್ಯದಲ್ಲೂ ರಾಯಭಾರ ಕಚೇರಿಯಲ್ಲೂ ದುಡಿದ ಲಾಮರ್ 1960ರಿಂದ ಬರೆದ ಈ ಕಥೆಗಳ ನಾಯಕ ಒಂದು ಟ್ಯಾಂಕು. ಬೆಟ್ಟದಷ್ಟು ದೊಡ್ಡದು, ಪ್ರಜ್ಞೆ ಇದೆ, ರೆಜಿಮೆಂಟಿನ ಅಭಿಮಾನ ಇದೆ. ಇವುಗಳಲ್ಲಿ ‘ದಿ ಲಾಸ್ಟ್ ಕಮಾಂಡ್’ ಎಂಬುದು 1967ರದು. ಯುದ್ಧ ಮುಗಿದ ಮೇಲೆ ನೆಲದಾಳದಲ್ಲಿ ಹೂತುಬಿಟ್ಟ ಬೋಲೋ ಒಂದು, ದಶಕಗಳ ನಂತರ ಕಟ್ಟಡದ ಕೆಲಸದವರ ಸ್ಫೋಟಕ್ಕೆ ಎಚ್ಚರವಾಗಿ, ಯುದ್ಧ ಇನ್ನೂ ನಡೆಯುತ್ತಿದೆ ಎಂದುಕೊಂಡು ತನ್ನದೇ ಜನರ ಪಟ್ಟಣದ ಮೇಲೆ ಹೊರಡುತ್ತದೆ. ನಿಲ್ಲಿಸಬಲ್ಲವನು ಒಬ್ಬನೇ, ಅದರ ಹಳೆಯ ಕಮಾಂಡರ್, ಈಗ ಹಣ್ಣು ಮುದುಕ. ವಿಕಿರಣ ಸೂಸುವ ಆ ರಾಶಿಯ ಬಳಿಗೆ ನಡೆದುಹೋಗಿ ದನಿ ಗುರುತು ಹಿಡಿಸಿ ಅದನ್ನು ತಿರುಗಿಸಿಕೊಂಡು ಹೋಗುತ್ತಾನೆ, ಹಿಂದಕ್ಕೆ ಬರುವುದಿಲ್ಲ. ಕಣ್ಣು ತೇವವಾಗದೆ ಓದುವುದು ಕಷ್ಟ. ಓದಿ ಮುಗಿಸಿದ ಮೇಲೆ ಸಿಟ್ಟೂ ಬರುತ್ತದೆ. ಯುದ್ಧ ಮುಗಿಯಿತೆಂದು ಹೇಳದೆಯೇ ಆಯುಧವನ್ನು ಹೂತವರು ಯಾರು, ಅದರ ಮೇಲೆ ಪಟ್ಟಣ ಕಟ್ಟಲು ಬಿಟ್ಟವರು ಯಾರು ಎಂಬ ಪ್ರಶ್ನೆಯನ್ನು ಲಾಮರ್ ಕಣ್ಣೀರಿನಲ್ಲಿ ತೊಳೆದುಬಿಡುತ್ತಾನೆ. ನಿಷ್ಠೆಯ ಟ್ಯಾಂಕನ್ನು ಹೊಗಳುವ ಕಥೆಗಳೆಲ್ಲದರ ತೊಡಕೇ ಇದು. ಅಲ್ಲಿ ಮಾವುತನೂ ಒಳ್ಳೆಯವನು, ಆನೆಯೂ ಒಳ್ಳೆಯದು. ಯುದ್ಧ ಸಾರಿದ ಅರಮನೆ ಮಾತ್ರ ಕಾಣುವುದಿಲ್ಲ.

ಪೋಲೆಂಡಿನ ಸ್ತಾನಿಸ್ವಾಫ್ ಲೆಮ್ 1964ರ ‘ದಿ ಇನ್ವಿನ್ಸಿಬಲ್’ನಲ್ಲಿ ಇನ್ನೊಂದೇ ದಾರಿ ಹಿಡಿದ. ಅವನ ಗ್ರಹದಲ್ಲಿ ಉಳಿದು ಗೆದ್ದಿರುವುದು ದೊಡ್ಡ ಯಂತ್ರವಲ್ಲ, ನೊಣದಷ್ಟರ ಲಕ್ಷಾಂತರ ಚೂರುಗಳ ಮೋಡ. ಒಂಟಿಯಾಗಿ ಒಂದಕ್ಕೂ ಬುದ್ಧಿಯಿಲ್ಲ. ಅಲ್ಲಿಗೆ ಬಂದ ಮನುಷ್ಯರಿಗೆ ಕೊನೆಗೆ ಉಳಿಯುವ ವಿವೇಕ ಒಂದೇ, ಇಲ್ಲಿ ನಮಗೆ ಗೆಲ್ಲಬೇಕಾದ್ದು ಏನೂ ಇಲ್ಲ, ಹಡಗು ಹತ್ತೋಣ ಎನ್ನುವುದು. ಡ್ರೋನುಗಳ ಹಿಂಡು ಎಂದು ಈಗ ಪತ್ರಿಕೆಗಳು ಬರೆಯುವಾಗ ಲೆಮ್ ನೆನಪಾಗದೆ ಇರುವುದಿಲ್ಲ. ನಮ್ಮ ಶತಮಾನದಲ್ಲಿ ಆನ್ ಲೆಕಿಯ ‘ಆನ್ಸಿಲರಿ ಜಸ್ಟಿಸ್’ (2013) ಯುದ್ಧನೌಕೆಯ ಮನಸ್ಸಿಗೇ ಕಥೆ ಹೇಳುವ ಕೆಲಸ ಕೊಟ್ಟಿತು. ಪ್ರಶಸ್ತಿಗಳೂ ಸಾಲುಸಾಲಾಗಿ ಬಂದವು. ಒಡೆಯನ ಆಜ್ಞೆಯಂತೆ ತಾನು ಪ್ರೀತಿಸಿದ ಅಧಿಕಾರಿಯನ್ನೇ ಕೊಂದ ನೌಕೆ ಆಮೇಲೆ ಒಡೆಯನ ವಿರುದ್ಧ ನಿಲ್ಲುತ್ತದೆ. ಆಯುಧಕ್ಕೆ ಪಶ್ಚಾತ್ತಾಪ ಬಂದರೆ ಏನಾದೀತು ಎಂಬ ಪ್ರಶ್ನೆಗೆ ಇಂಗ್ಲಿಷಿನ ಈ ಪರಂಪರೆ ತಡವಾಗಿ ಬಂದು ಮುಟ್ಟಿತು.

ನಮ್ಮಲ್ಲಿ ಆ ಪ್ರಶ್ನೆ 941ರಲ್ಲೇ ಕನ್ನಡಕ್ಕೆ ಬಂದಿತ್ತು. ಪಂಪನ ‘ಆದಿಪುರಾಣ’ದ ಭರತನ ಚಕ್ರರತ್ನವನ್ನು ಯೋಚಿಸುವ ಆಯುಧವೆಂದು ಓದಿ ನೋಡಿ. ದಿಗ್ವಿಜಯ ಮುಗಿಸಿ ಬಂದ ಚಕ್ರ ಅಯೋಧ್ಯೆಯ ಒಳಗೆ ಹೋಗದೆ ಹೊರಗೇ ನಿಲ್ಲುತ್ತದೆ, ಕೆಲಸ ಇನ್ನೂ ಬಾಕಿ ಇದೆ, ತಮ್ಮಂದಿರು ಉಳಿದಿದ್ದಾರೆ ಎಂದು. ಇಲ್ಲಿಯವರೆಗೆ ಅದು ಡಿಕ್‌ನ ಕಾರ್ಖಾನೆಯಷ್ಟೇ ನಿರ್ದಾಕ್ಷಿಣ್ಯ. ಆಮೇಲೆ ತಮ್ಮ ಬಾಹುಬಲಿಯೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ಸೋತ ಭರತ ಸಿಟ್ಟಿಗೆ ಅದೇ ಚಕ್ರವನ್ನು ಬಾಹುಬಲಿಯ ಮೇಲೆ ಬಿಟ್ಟಾಗ ಅದು ಕೊಲ್ಲುವುದಿಲ್ಲ, ಪ್ರದಕ್ಷಿಣೆ ಬಂದು ನಿಲ್ಲುತ್ತದೆ. ಒಡೆಯನ ಆಜ್ಞೆಯನ್ನು ಆಯುಧ ಮೀರಿತು. ಮೀರಿದ್ದರಿಂದ ಒಡೆಯನ ಮಾನ ಉಳಿಯಿತೋ ಹೋಯಿತೋ ಎನ್ನುವುದು ಕಾವ್ಯದ ರುಚಿ. ಆ ಬಾಹುಬಲಿಯನ್ನು ಶ್ರವಣಬೆಳಗೊಳದಲ್ಲಿ ಕಲ್ಲಿನಲ್ಲಿ ನಿಲ್ಲಿಸಿದವನು ಚಾವುಂಡರಾಯ. ಅವನು ಸಂನ್ಯಾಸಿಯಲ್ಲ, ತಲಕಾಡಿನ ಇದೇ ಗಂಗರ ಸೇನಾಪತಿ. ಆನೆಗಳ ಸೈನ್ಯ ನಡೆಸಿದವನಿಗೆ ಕೊಲ್ಲಲೊಪ್ಪದ ಆಯುಧದ ಕಥೆ ಬೇಕಾಯಿತು ಎನ್ನುವುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಜೈನ ಆಗಮಗಳಲ್ಲಿ ಅಜಾತಶತ್ರುವಿನ ರಥಮುಸಲವೂ ಇದೆ: ಕುದುರೆಯಿಲ್ಲ, ಸಾರಥಿಯಿಲ್ಲ, ಮೇಲೆ ಯೋಧನೂ ಇಲ್ಲ, ಒನಕೆ ಬೀಸುತ್ತ ಜನರ ನಡುವೆ ಓಡುವ ರಥ. ಪಾಲಿಯ ‘ಲೋಕಪಞ್ಞತ್ತಿ’ ಬುದ್ಧನ ಅಸ್ಥಿಗಳನ್ನು ಕಾಯುವ ಯಂತ್ರಭಟರ ಕಥೆ ಹೇಳುತ್ತದೆ. ಮಹಾಭಾರತ ಇನ್ನೂ ಸೂಕ್ಷ್ಮ. ದ್ರೋಣ ಸತ್ತ ಮೇಲೆ ಅಶ್ವತ್ಥಾಮ ಬಿಟ್ಟ ನಾರಾಯಣಾಸ್ತ್ರಕ್ಕೆ ಒಂದು ನಿಯಮವಿದೆ: ಆಯುಧ ಕೆಳಗಿಟ್ಟವನನ್ನು ಅದು ಮುಟ್ಟುವುದಿಲ್ಲ. ಶರಣಾದವನನ್ನು ಗುರುತಿಸಬಲ್ಲ ಆಯುಧ! ಇಂದಿನ ಯಾವ ಕ್ಯಾಮೆರಾ ಕಣ್ಣಿಗೂ ಅದು ಖಾತ್ರಿಯಾಗಿ ಸಾಧ್ಯವಾಗಿಲ್ಲ. ಅದೇ ಅಶ್ವತ್ಥಾಮ ಕೊನೆಗೆ ಬ್ರಹ್ಮಶಿರವನ್ನು ಹೂಡಿದಾಗ ಅರ್ಜುನನೂ ಎದುರು ಹೂಡುತ್ತಾನೆ. ಋಷಿಗಳು ನಡುವೆ ನಿಂತು ಹಿಂತೆಗೆಯಿರಿ ಎಂದಾಗ ಅರ್ಜುನ ಹಿಂತೆಗೆಯುತ್ತಾನೆ, ಅಶ್ವತ್ಥಾಮನಿಗೆ ಬಿಡುವುದು ಗೊತ್ತು, ಕರೆಯುವುದು ಗೊತ್ತಿಲ್ಲ. ಅಸ್ತ್ರ ಹುಟ್ಟದ ಕೂಸಿನ ಮೇಲೆ ಹೋಗುತ್ತದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಬ್ಬಕ್ಕೊಮ್ಮೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಸೀನರಿ ಬಾಡಿಗೆ ತಂದು ರಾತ್ರಿಯಿಡೀ ‘ಕುರುಕ್ಷೇತ್ರ’ ಆಡುವ ಜನಕ್ಕೆ ಈ ಕಥೆಗಳನ್ನು ಹೊಸದಾಗಿ ಹೇಳಬೇಕಿಲ್ಲ.

ಇಷ್ಟಾಗಿಯೂ ಆಧುನಿಕ ಕನ್ನಡ ಕಥೆ ಈ ದಾರಿಯಲ್ಲಿ ನಡೆಯಲಿಲ್ಲ. ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಥೆ ಕಾದಂಬರಿಗಳಿಗೆ ಕನ್ನಡದಲ್ಲಿ ನೆಲೆ ಮಾಡಿಕೊಟ್ಟವರು. ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಭಾರತೀಯ ವೈಜ್ಞಾನಿಕ ಕಥೆಗಳ ಇಂಗ್ಲಿಷ್ ಸಂಕಲನ ತಂದಾಗ ಅದರಲ್ಲೂ ಅವರಿದ್ದರು. ಅವರ ಒಲವು ಅನ್ಯಲೋಕದ ಕಡೆಗೆ, ವಿಶ್ವದ ಕಡೆಗೆ. ‘ಮನು’ ಎಂಬ ಹೆಸರಿನಲ್ಲಿ ಬರೆದವರ ‘ಮಹಾಸಂಪರ್ಕ’ ಮಹಾಭಾರತವನ್ನು ಅನ್ಯಗ್ರಹದವರ ಸಂಪರ್ಕದ ಕಥೆಯಾಗಿ ಓದಿತು, ಓದುಗರನ್ನು ಹಿಡಿದಿಟ್ಟಿತು. ಅದರ ನಂತರ ಅಸ್ತ್ರವೆಂದರೆ ಕ್ಷಿಪಣಿ, ವಿಮಾನವೆಂದರೆ ವಿಮಾನ ಎನ್ನುವ ಓದು ನಮ್ಮಲ್ಲಿ ಚಟವಾಗಿ ಬೆಳೆಯಿತು. ಅಸ್ತ್ರ ಯಾವ ಇಂಧನದಲ್ಲಿ ಹಾರಿತು ಎಂದು ಕೇಳಿದರೆ ಸಿಗುವುದು ಹೆಮ್ಮೆ ಮಾತ್ರ. ಅದನ್ನು ಹಿಂದಕ್ಕೆ ಕರೆಯುವ ಮಂತ್ರ ಯಾರಿಗೆ ಗೊತ್ತಿತ್ತು ಎಂದು ಕೇಳಿದರೆ ಕಾದಂಬರಿ ಸಿಕ್ಕೀತು.

ಯುದ್ಧದ ಓದಿಗೆ ಕನ್ನಡದಲ್ಲಿ ಬರವಿಲ್ಲ. ಬ್ರಿಗೇಡಿಯರ್ ದಳವಿಯವರ ‘ಹಿಮಾಲಯನ್ ಬ್ಲಂಡರ್’ ರವಿ ಬೆಳಗೆರೆಯವರ ಕನ್ನಡದಲ್ಲಿ ಹಳ್ಳಿಹಳ್ಳಿಗೂ ಹೋಯಿತು. ತೇಜಸ್ವಿ ತಮ್ಮ ಮಿಲೇನಿಯಂ ಸರಣಿಯಲ್ಲಿ ‘ಮಹಾಯುದ್ಧ’ಕ್ಕೆ ಮೂರು ಪುಸ್ತಕ ಕೊಟ್ಟರು. ರೋಬಾಟಿಗೂ ಬರವಿಲ್ಲ: 2002ರ ‘ಹಾಲಿವುಡ್’ ಸಿನಿಮಾದಲ್ಲಿ ಉಪೇಂದ್ರ ರೋಬಾಟಾಗಿ ಹುಡುಗಿಯ ಹಿಂದೆ ಬಿದ್ದ. ಯುದ್ಧ ಒಂದು ಕಡೆ, ಯಂತ್ರ ಒಂದು ಕಡೆ ಉಳಿದುಬಿಟ್ಟಿವೆ. ಇವೆರಡೂ ಕೂಡುವ ಜಾಗ ಕರ್ನಾಟಕದಲ್ಲೇ ಇರುವಾಗ ಹೀಗಾದದ್ದು ಸೋಜಿಗ. 

ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರ ಬೆಂಗಳೂರಿನಲ್ಲಿ ಶುರುವಾದದ್ದು 1986ರಲ್ಲಿ. ಲಕ್ಷ್ಯ, ನಿಶಾಂತ್, ರುಸ್ತುಂ ಎಂಬ ಚಾಲಕರಹಿತ ವಿಮಾನಗಳು ಹುಟ್ಟಿದ್ದೂ ಬೆಂಗಳೂರಿನಲ್ಲಿರುವ ಅದೇ ಸಂಸ್ಥೆಯ ಎಡಿಇ ಪ್ರಯೋಗಾಲಯದಲ್ಲಿ. ಅವುಗಳ ಹಾರಾಟಕ್ಕೆಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. 2022ರ ಜುಲೈ 1ರಂದು ಪೈಲಟ್ ಇಲ್ಲದೆ ತಾನೇ ಮೇಲೆದ್ದು, ಹಾರಿ, ತಾನೇ ಇಳಿಯುವ ಬಾಲವಿಲ್ಲದ ವಿಮಾನವನ್ನು ಅಲ್ಲಿ ಹಾರಿಸಿದರು. 2023ರ ಆಗಸ್ಟಿನಲ್ಲಿ ತಪಸ್ ಎಂಬ ಡ್ರೋನು ಹಿರಿಯೂರು ತಾಲ್ಲೂಕಿನ ಹೊಲಕ್ಕೆ ಬಿದ್ದಾಗ ಸುತ್ತಲಿನ ರೈತರು ಬಂದು ನೋಡಿದರು.

ಆ ಪರೀಕ್ಷಾ ವಲಯ ಎದ್ದಿರುವ ನೆಲ ಯಾವುದು? ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಹಳ್ಳಿಕಾರ್ ಮೂಲದ ಆ ರಾಸುಗಳು ಹೈದರನ, ಟಿಪ್ಪುವಿನ ಫಿರಂಗಿಗಳನ್ನು ಎಳೆದವು. 1799ರ ನಂತರ ಅವು ಇಂಗ್ಲಿಷರ ಪಾಲಾದವು, ಅವರ ಸೇನಾನಿ ಆರ್ಥರ್ ವೆಲ್ಲೆಸ್ಲಿ ಅವುಗಳ ಗುಣಗಾನ ಮಾಡಿದ. ಒಡೆಯ ಬದಲಾದ, ನೊಗ ಬದಲಾಗಲಿಲ್ಲ. ಯುದ್ಧದ ಎತ್ತುಗಳು ಮೇಯಲೆಂದು ಬಿಟ್ಟ ನೆಲದ ಸಾವಿರಾರು ಎಕರೆಯನ್ನು ಯುದ್ಧದ ಡ್ರೋನು ಮತ್ತಿತರ ಸಂಸ್ಥೆಗಳಿಗೆ ಕೊಟ್ಟಾಗ ಅಲ್ಲಿ ಕುರಿ ದನ ಮೇಯಿಸುತ್ತಿದ್ದ ಊರಿನವರು ರಸ್ತೆಗಿಳಿದರು, ವ್ಯಾಜ್ಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಈ ಒಂದು ಕಾವಲಿನಲ್ಲಿ ಲಾಮರ್‌ನ ಹತ್ತು ಬೋಲೋ ಕಥೆಗಳಿಗೆ ಆಗುವಷ್ಟು ಸಾಮಗ್ರಿ ಬಿದ್ದಿದೆ, ಕಣ್ಣೀರಿಗೆ ಬದಲು ಪಹಣಿ ಪತ್ರದ ಸಮೇತ.

ಯೋಚಿಸುವ ಆಯುಧ ದೂರದ ಭವಿಷ್ಯದ ಮಾತೂ ಅಲ್ಲ. 1988ರಲ್ಲಿ ಅಮೆರಿಕದ ವಿನ್ಸೆನ್ಸ್ ಯುದ್ಧನೌಕೆ, ಅಂದಿನ ಅತ್ಯಾಧುನಿಕ ಕಂಪ್ಯೂಟರ್ ವ್ಯವಸ್ಥೆ ತನ್ನಲ್ಲಿದ್ದೂ, ಇರಾನಿನ ಪ್ರಯಾಣಿಕ ವಿಮಾನವನ್ನು ಯುದ್ಧವಿಮಾನವೆಂದು ತಿಳಿದು ಹೊಡೆಯಿತು, ಸತ್ತವರು 290. 2003ರ ಇರಾಕ್ ಯುದ್ಧದಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ತನ್ನ ಕಡೆಯ ವಿಮಾನಗಳನ್ನೇ ಉರುಳಿಸಿತು. 2025ರ ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನಗಳ ನಡುವೆ ನಡೆದ ಕಾದಾಟದಲ್ಲಿ ಎರಡೂ ಕಡೆಯಿಂದ ಡ್ರೋನುಗಳು ಹಾರಿದವು. ತಾನೇ ಗುರಿ ಆರಿಸುವ ಆಯುಧಗಳ ಬಗ್ಗೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2023ರ ಡಿಸೆಂಬರಿನಲ್ಲಿ ನಿರ್ಣಯ ತಂದಾಗ 152 ದೇಶಗಳು ಪರವಾಗಿ, ನಾಲ್ಕು ವಿರುದ್ಧವಾಗಿ ಮತ ಹಾಕಿದವು. ನಾಲ್ಕರಲ್ಲಿ ಒಂದು ಭಾರತ. ಬೇರೊಂದು ವೇದಿಕೆಯಲ್ಲಿ, ಜಿನೀವಾದಲ್ಲಿ, ಚರ್ಚೆ ನಡೆಯುತ್ತಲೇ ಇದೆಯಲ್ಲ ಎನ್ನುವುದು ನಮ್ಮ ಸರ್ಕಾರದ ನಿಲುವು. ಸರಿಯೋ ತಪ್ಪೋ, ಅದನ್ನು ಚರ್ಚಿಸಲು ಬೇಕಾದ ಕಲ್ಪನೆಯನ್ನು ಕನ್ನಡದ ಓದುಗನಿಗೆ ಯಾರೂ ಒದಗಿಸಿಲ್ಲ. ಆ ಮತದಾನ ಕನ್ನಡದಲ್ಲಿ ಹೆಚ್ಚು ಮಾತಿಗೆ ಬಂದ ನೆನಪು ನನಗಿಲ್ಲ.

ಇಂಗ್ಲಿಷಿನ ಪರಂಪರೆಯ ಬಲ ಇರುವುದು ನಿಲ್ಲಿಸಲಾಗದ ಯಂತ್ರವನ್ನು ಚಿತ್ರಿಸುವುದರಲ್ಲಿ. ನಮ್ಮ ಕಾವ್ಯಗಳ ಬಲ ನಿಂತ ಆಯುಧವನ್ನು, ಮರಳಿ ಕರೆಯಬಲ್ಲವನನ್ನು, ಕರೆಯಲಾರದವನನ್ನು ಚಿತ್ರಿಸುವುದರಲ್ಲಿ. ಕನ್ನಡದಲ್ಲಿ ಈ ಪ್ರಕಾರ ಬೆಳೆಯಬೇಕಾದರೆ ಎರಡನೆಯದರಿಂದಲೇ ಬೆಳೆಯಬೇಕು, ಆದರೆ ಮೊದಲನೆಯದನ್ನು ಓದಿಕೊಂಡು. ಓದಲು ಪುಸ್ತಕ ಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಸರ್ಕಾರ ಅರಿವು ಕೇಂದ್ರ ಎಂದು ಹೆಸರಿಟ್ಟು ಕಂಪ್ಯೂಟರನ್ನೂ ಕೊಡುತ್ತಿದೆ. ಅಲ್ಲಿಗೆ ಬರುವ ಪಿಯುಸಿ ಹುಡುಗ ಹುಡುಗಿಯರು ಡ್ರೋನ್ ತರಬೇತಿಯ ಜಾಹೀರಾತು ಓದುತ್ತಾರೆ. ಪಕ್ಕದಲ್ಲಿ ‘ವಾಚ್‌ಬರ್ಡ್’ ಕನ್ನಡದಲ್ಲಿ ಇರಲಿ ಎನ್ನುವುದು ದೊಡ್ಡ ಬೇಡಿಕೆಯಲ್ಲ.

ಅನುವಾದಕರಿಗೆ ಒಂದು ಲೆಕ್ಕ ಹೇಳಿ ಮುಗಿಸುತ್ತೇನೆ. ನಮ್ಮ ದೇಶದ ಕಾನೂನಿನಲ್ಲಿ ಲೇಖಕ ತೀರಿಕೊಂಡು 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಚಾಪೆಕ್ ತೀರಿಕೊಂಡದ್ದು 1938ರಲ್ಲಿ, ವೆಲ್ಸ್ 1946ರಲ್ಲಿ. ಚಾಪೆಕ್‌ನ ಮೂಲ ಝೆಕ್ ನಾಟಕವನ್ನೂ ವೆಲ್ಸ್‌ನ ಕಥೆಯನ್ನೂ ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಡ, ಇವತ್ತೇ ಕೂರಬಹುದು. ಡಿಕ್ 1982ರವರೆಗೆ, ಶೆಕ್ಲಿ 2005ರವರೆಗೆ, ಲೆಮ್ 2006ರವರೆಗೆ ಬದುಕಿದ್ದವರು, ಅವರ ಹಕ್ಕುದಾರರನ್ನು ಕೇಳಬೇಕು. ಒಬ್ಬಂಟಿ ಅನುವಾದಕ ಅಮೆರಿಕಕ್ಕೂ ಪೋಲೆಂಡಿಗೂ ಪತ್ರ ಬರೆದು ಕಾಯುವುದಕ್ಕಿಂತ ಕುವೆಂಪು ಭಾಷಾ ಭಾರತಿ ಪ್ರಾಧಿಕಾರದಂಥ ಸಂಸ್ಥೆ ಕೇಳಿದರೆ ಕೆಲಸ ಸಲೀಸು. ದಯವಿಟ್ಟು ಕೇಳಲಿ.